ಕಾಕಾನ ಪಂಚರ್ ವಿದ್ಯೆ

ಮಗಳು ಅಂಗಳದಲ್ಲಿ ಕೂತು ಸೈಕಲ್ ಟ್ಯೂಬಿಗೆ ಸಲೂಷನ್ ಸವರಿದರೆ ಸಾಕು, ಆ ಘಾಟಿನ ಹಿಂದೆಯೇ ನಮ್ಮ ಕಾಕಾ ಬಂದು ಕಣ್ಣ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾನೆ.

ನಾನಾಗ ಹೊರ್ತಿಯ ಹೈಸ್ಕೂಲಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ಆ ವಾರ ಹಿಂದಿನ ಗಾಲಿ ದಿನಾ ಪಂಚರ್. "ಅಂಗಡಿಗೆ ಯಾಕ ಒಯ್ತೀರಿ? ನಾ ಇಲ್ಲೇನು?" ಎಂದು ಕಾಕಾ ದಿನಾ ಮನೆಯಲ್ಲೇ ಪ್ಯಾಚ್ ಹಚ್ಚುತ್ತಿದ್ದ. ಮರುದಿನ ದಾರಿಯಲ್ಲೇ ಗಾಳಿ ಇಳಿಯುತ್ತಿತ್ತು.

ಆ ಮಧ್ಯಾಹ್ನವೂ ಅವನ ದರ್ಬಾರು ನಡೆದಿತ್ತು. ಟಾಯರ್ ಬಿಚ್ಚಲು ಅವ್ವನ ಸೌಟು ಬೇಕು, ತೂತು ಹುಡುಕಲು ಅವ್ವನ ಬೋಗಾಣಿ ಬೇಕು, ಅದಕ್ಕೆ ನೀರು ತರಲು ಅವ್ವನೇ ಬೇಕು. ಸೌಟು ಡೊಂಕಾಯಿತು. ಸಾಹೇಬರಿಗೆ ಚಹಾ ಬಂತು.

ನೀರಿನಲ್ಲಿ ಏಳುವ ಗುಳ್ಳೆ ನೋಡುತ್ತ ಅವನು ಅವ್ವನಿಗೆ ಹೇಳಿದ: "ವೈನಿ, ಹುಡುಗ್ಯಾರಿಗೆ ಸೈಕಲ್ ಆಗಿ ಬರೂದಿಲ್ರಿ. ಇಕಿನ್ನ ಸಾಲಿ ಬಿಡಸ್ರಿ."

ಅವ್ವ ಡೊಂಕಾದ ಸೌಟು ನೆಟ್ಟಗೆ ಮಾಡುತ್ತಿದ್ದಳು. ನಾನು ಬಿಚ್ಚಿಟ್ಟ ಟಾಯರಿನ ಒಳಗೆ ಕೈಯಾಡಿಸಿದೆ. ಚುರ್ರೆಂದು ಚುಚ್ಚಿತು. ಜಾಲಿಮುಳ್ಳು! ಅದನ್ನು ಅಲ್ಲೇ ಬಿಟ್ಟು ವಾರವಿಡೀ ಪ್ಯಾಚ್ ಹಚ್ಚಿದ್ದ ಮಹಾನುಭಾವ ಸೊರ್ ಸೊರ್ ಎಂದು ಚಹಾ ಹೀರುತ್ತಿದ್ದ.

ಮುಳ್ಳು ಕಿತ್ತು ಅವನ ಕಪ್ಪಿನ ಬಸಿಯಲ್ಲಿಟ್ಟೆ. "ಕಾಕಾ, ನಿಮ್ಮ ಸಾಮಾನು ಒಳಗ ಉಳದಿತ್ರಿ."

ತನಗೆ ಗೊತ್ತಿರಲಿಲ್ಲ ಎಂದು ಒಪ್ಪುವ ಜಾತಿಯಲ್ಲ ಅವನು. ಮೀಸೆ ಒರೆಸಿಕೊಂಡು, "ಹೇ, ಅದು ನನಗ ಮೊದಲ ದಿನಾನ ಕಂಡಿತ್ತು ಬಿಡ" ಎಂದ.

ಅವ್ವ ತಲೆಯೆತ್ತಿದಳು.

"ಕಂಡಿತ್ತೇನು?"

ಅರ್ಧ ಉಳಿದಿದ್ದ ಚಹಾವನ್ನು ಅವನ ಕೈಯಿಂದ ತೆಗೆದುಕೊಂಡು, ಬಸಿ ಸಮೇತ ಒಳಗೆ ಒಯ್ದಳು.