ಹೊಸಿಲಿಲ್ಲದ ಜಾಗ

“ನಾಳೆಯಿಂದ ನಿಶ್ಚಿತಾ ಈ ಮನೆಯಲ್ಲಿರೋದು ಬೇಡ.”

ದ್ವಾರಕನಾಥರು ತಟ್ಟೆಯಿಂದ ತಲೆ ಎತ್ತದೆ ಹೇಳಿದರು. ಚಪಾತಿ ಬೇಯಿಸುತ್ತಿದ್ದ ಪತ್ನಿ ರಮಾಳ ಕೈ ಅಲ್ಲೇ ನಿಂತಿತು. ನಿಶ್ಚಿತಾ ನೀರಿನ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟಳು.

“ಸೀರಿಯಸ್ಲಿ ಅಪ್ಪಾ? ಅವಳು ನನ್ನ ಹೆಂಡತಿ!” ಗಗನಾ ಎದ್ದು ನಿಂತಳು. “ಮೆಲ್ಬರ್ನ್‌ನಲ್ಲಿ ರಿಜಿಸ್ಟರ್ ಆಗಿದೆ. ವಿಮಾನ ಇಳಿದ ತಕ್ಷಣ ಅಳಿಸಿಹೋಗುತ್ತಾ ಅದು?”

ಈ ದೇಶದ ಕಾನೂನಿನ ಮಟ್ಟಿಗೆ ಅಳಿಸಿಯೇ ಹೋಗಿತ್ತು. ತಂಜಾಂಗ್ ಪಗಾರ್‌ನಲ್ಲಿ ಕೆಲಸ ಸಿಕ್ಕಿತೆಂದು ಗಗನಾ ಸೆಂಗ್‌ಕಾಂಗ್‌ನ ಅಪ್ಪನ ಮನೆಗೆ ಮರಳಿದ್ದಳು. ಹೆಂಡತಿ ಎಂದು ನಿಶ್ಚಿತಾಳಿಗೆ ಇಲ್ಲಿ ವಾಸದ ಪಾಸ್ ಸಿಗುವುದಿಲ್ಲ. ಪ್ರವಾಸಿಯಂತೆ ಒಂದು ತಿಂಗಳ ಮಟ್ಟಿಗೆ ಬಂದಿದ್ದಳು. “ಇಲ್ಲಿನ ಸರ್ಕಾರವೇ ಒಪ್ಪಲ್ಲ, ನಾನ್ಯಾರು ಒಪ್ಪೋಕೆ?” ಎಂದು ದ್ವಾರಕನಾಥರು ಮದುವೆಗೂ ಹೋಗಿರಲಿಲ್ಲ. ಈಗಲೂ ಮಗಳೊಡನೆ ಅವಳ ಮಾತೆತ್ತಿದರೆ ‘ನಿನ್ನ ಫ್ರೆಂಡ್’ ಎಂದೇ ಅನ್ನುತ್ತಿದ್ದರು.

“ಪರವಾಗಿಲ್ಲ ಅಂಕಲ್, ಹೋಟೆಲ್ ಬುಕ್ ಮಾಡ್ಕೋತೀನಿ,” ಎಂದಳು ನಿಶ್ಚಿತಾ.

“ಹೋಟೆಲ್ ಯಾಕಮ್ಮಾ? ತವರಿಗೆ ಹೋಗ್ಬೇಕು. ನಾಳೆಯಿಂದ ಆಷಾಢ. ಮದುವೆಯಾದ ಮೊದಲನೇ ಆಷಾಢದಲ್ಲಿ ಅತ್ತೆ-ಸೊಸೆ ಒಂದೇ ಹೊಸಿಲು ದಾಟಬಾರದು. ಇಷ್ಟೂ ಗೊತ್ತಿಲ್ವಾ ನಿಮಗೆ?”

ಕಾವಲಿಯ ಮೇಲೆ ಚಪಾತಿ ಸೀಯುತ್ತಿತ್ತು.

“ಮೈಸೂರಲ್ಲಿ ಅಮ್ಮ ನನ್ನ ಫೋನೇ ಎತ್ತಲ್ಲ ಅಂಕಲ್.”

ದ್ವಾರಕನಾಥರು ಮೊಸರನ್ನ ಕಲಸಿದರು. “ಹಾಗಾದ್ರೆ ನೀನೇ ಹೋಗು ರಮಾ. ಇಲ್ಲೇ ಸೆಂಬವಾಂಗ್‌ನಲ್ಲಿ ನಿನ್ನ ತಂಗಿ ಶಕುಂತಲಾ ಇದಾಳಲ್ಲ. ಇವಳು ಇಲ್ಲೇ ಇರ್ಲಿ.”

“ಚೆನ್ನಾಗಿದೆ! ನನ್ನ ಮನೆಯಿಂದ ನನ್ನನ್ನೇ ಓಡಿಸ್ತೀರಾ?” ಎಂದಳು ರಮಾ. ಒಲೆ ಆರಿಸಿ, ಕಣ್ಣೊರೆಸಿಕೊಳ್ಳುತ್ತ ಆಗಲೇ ಬ್ಯಾಗು ಹುಡುಕಲು ಹೊರಟಿದ್ದಳು.

ಮರುದಿನ ಸಂಜೆಯೇ ಅವಳು ಎಣ್ಣೆ ಬಾಟಲಿ ಹಿಡಿದು ಸೆಂಬವಾಂಗ್‌ನಿಂದ ಬಂದಳು. ಮನೆಗೆ ಹತ್ತಲಿಲ್ಲ. ಕಟ್ಟಡದ ಕೆಳಗಿನ ವಾಯ್ಡ್ ಡೆಕ್‌ಗೆ ಗೋಡೆಯಿಲ್ಲ, ಬಾಗಿಲಿಲ್ಲ. ದಾಟಲು ಹೊಸಿಲಂತೂ ಇಲ್ಲವೇ ಇಲ್ಲ. ಅಲ್ಲಿನ ಕಲ್ಲುಬೆಂಚಿನ ಮೇಲೆ ನಿಶ್ಚಿತಾಳನ್ನು ಕೂರಿಸಿಕೊಂಡು ತಲೆಗೆ ಎಣ್ಣೆ ತಟ್ಟತೊಡಗಿದಳು. ದ್ವಾರಕನಾಥರು ಫ್ಲಾಸ್ಕಿನಲ್ಲಿ ಕಾಫಿ ತಂದರು.

ಪಕ್ಕದ ಬ್ಲಾಕಿಗೆ ಹೊಸದಾಗಿ ಬಂದಿದ್ದ ಬೆಂಗಳೂರಿನ ಸುಭಾಷ್ ತರಕಾರಿ ಚೀಲ ಹಿಡಿದು ನಿಂತ. “ಏನ್ ಆಂಟಿ, ಮನೆ ಬಿಟ್ಟು ಇಲ್ಲಿ?”

“ಆಷಾಢ ಕಣಪ್ಪಾ. ಅತ್ತೆ-ಸೊಸೆ ಮನೇಲಿ ಸೇರೋ ಹಾಗಿಲ್ಲ,” ಎಂದರು ದ್ವಾರಕನಾಥರು.

“ಓ, ಸೊಸೆನಾ! ನಿಮಗೆ ಮಗ ಇರೋದೇ ಗೊತ್ತಿರ್ಲಿಲ್ಲ ಅಂಕಲ್.”

“ಮಗ ಇಲ್ಲಪ್ಪ. ಇರೋದು ಮಗಳೇ,” ಎಂದು ದ್ವಾರಕನಾಥರು ನಿಶ್ಚಿತಾಳ ಲೋಟಕ್ಕೆ ಕಾಫಿ ಬಗ್ಗಿಸಿದರು.