ತುಂಬಿಯೇ ಬರುವ ಬಾಟಲಿ

ನನ್ನ ಮಗಳು ಕುಸುಮಳ ಬಾಯಿ ಒಂದು ತಿಂಗಳಿನಿಂದ ಒಣಗುತ್ತಿತ್ತು. ಡಾಕ್ಟರು ಸಕ್ಕರೆ ಪರೀಕ್ಷೆ ಮಾಡಿಸಿದರು, ಬಾಯಿ ತೆರೆದು ಮಲಗುತ್ತಾಳೆಯೇ ಎಂದು ಕೇಳಿದರು. ಅದ್ಯಾವುದೂ ಇರಲಿಲ್ಲ.

"ನೀರು ಕುಡೀತಾಳೇನಮ್ಮ? ಹೀಗೇ ಬಿಟ್ರೆ ಹಲ್ಲೂ ಹಾಳು, ಉರಿಮೂತ್ರಾನೂ ಶುರುವಾಗುತ್ತೆ."

ಆಗ ನೆನಪಾಯಿತು. ಬೆಳಿಗ್ಗೆ ನಾನು ತುಂಬಿಸಿ ಶಾಲೆಗೆ ಕಳಿಸಿದ ಬಾಟಲಿ ಸಂಜೆ ಹಾಗೆಯೇ ವಾಪಸು ಬರುತ್ತಿತ್ತು. ಮಗಳನ್ನು ಕೇಳಿದರೆ, "ಕುಡಿದ್ರೆ ಎಲ್ಲಿಗೆ ಹೋಗ್ಲಮ್ಮ?" ಎಂದಳು.

ಮರುದಿನ ಕುಕ್ಕರ್ ಇಳಿಸಿದವಳೇ ಶಾಲೆಗೆ ಹೋದೆ.

"ಮಗು ಇಲ್ಲಿ ನೀರೇ ಕುಡೀತಿಲ್ಲ ಮೇಡಂ."

"ನಾವು ದಿನಾ ಪ್ರಾರ್ಥನೇಲಿ ಹೇಳ್ತೀವಲ್ಲ, ಚೆನ್ನಾಗಿ ನೀರು ಕುಡೀರಿ ಅಂತ," ಎಂದರು ಮುಖ್ಯೋಪಾಧ್ಯಾಯಿನಿ. ಅವರ ಹಿಂದಿನ ಗೋಡೆಯಲ್ಲಿ 'ಅತ್ಯಂತ ಸ್ವಚ್ಛ ಶೌಚಾಲಯ' ಪ್ರಶಸ್ತಿ ತೂಗುತ್ತಿತ್ತು.

"ಶೌಚಾಲಯಕ್ಕೆ ಬೀಗ ಹಾಕಿರ್ತೀರಂತೆ?"

"ಹಾಕದೆ ಇರೋಕಾಗುತ್ತಾ? ಈ ವರ್ಷವೂ ಇನ್‌ಸ್ಪೆಕ್ಷನ್ ಇದೆ. ಮುನ್ನೂರು ಮಕ್ಕಳು ನುಗ್ಗಿದ್ರೆ ಅದು ಸ್ವಚ್ಛವಾಗಿ ಉಳಿಯುತ್ತೇನ್ರಿ?"

"ಮತ್ತೆ ನೀವೇನು ಮಾಡ್ತೀರಿ ಮೇಡಂ?"

ಅವರು ಬಿರಿದ ತುಟಿಗಳನ್ನು ನಾಲಿಗೆಯಿಂದ ಸವರಿಕೊಂಡರು.

"ನಾನಾ? ಸಂಜೆವರೆಗೂ ನೀರು ಮುಟ್ಟಲ್ಲ."