ಹಾಲ್ಡನ್ ಮೂಲೆ

ಬಾಗಿಲಲ್ಲಿ ಸಿಕ್ಕವರ ಕೈ ಕುಲುಕಿ ಲೈಲ್ ಪೆಂಬರ್ಟನ್ ಊರಿನ ಶಾಲೆಯ ಆಟದ ಹಾಲಿನೊಳಗೆ ಬರುವಷ್ಟರಲ್ಲಿ ಮೈತೆ ಆಗಲೇ ಮೂಲೆಗೆ ಹೋಗಿ ನಿಂತಿದ್ದಳು. ಗೋಡೆಗೆ ಅಂಟಿಸಿದ್ದ ‘ಸೆನೆಟರ್ ಹಾಲ್ಡನ್’ ಎಂಬ ಫಲಕದ ಕೆಳಗೆ ಅವಳೊಬ್ಬಳೇ. ಅವನನ್ನು ಕಂಡು ನಕ್ಕು, ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಅಷ್ಟು ದೊಡ್ಡ ಖಾಲಿ ಮೂಲೆಯಲ್ಲಿ ಸರಿಯುವ ಅಗತ್ಯವೇನೂ ಇರಲಿಲ್ಲ.

ಅಧ್ಯಕ್ಷ ಚುನಾವಣೆಗೆ ಪಕ್ಷದಿಂದ ಯಾರು ನಿಲ್ಲಬೇಕೆಂದು ನೆವಾಡಾದ ಆ ಗಣಿ ಊರು ಹೇಳುತ್ತಿದ್ದದ್ದು ಹೀಗೆಯೇ. ಗುಟ್ಟಿನ ಮತದಾನವಿಲ್ಲ, ಒಪ್ಪಿದ ಹೆಸರಿನ ಕೆಳಗೆ ನೆರೆಹೊರೆಯವರ ಕಣ್ಣೆದುರೇ ಹೋಗಿ ನಿಲ್ಲಬೇಕು. ಲೈಲ್ ಊರಿನ ರೇಡಿಯೋದಲ್ಲಿ ಬೆಳಗಿನ ಹೊತ್ತು ರಾಜಕೀಯ ಮಾತಾಡುವವನು. ಗೆಲ್ಲುವವರು ಯಾರು ಅಂತ ನೋಡಬೇಡಿ, ನೀವು ನಂಬೋದು ಯಾರನ್ನ ಅಂತ ನೋಡಿ ಎಂದು ಚಳಿಗಾಲವಿಡೀ ಹೇಳಿದ್ದ. ಮೈಕಿನ ಮುಂದೆ ಯಾರ ಪರವನ್ನೂ ವಹಿಸಿದವನಲ್ಲ. ಆದರೆ ಪಕ್ಕದ ಮನೆಯ ಮೈತೆಯ ಅಡುಗೆಮನೆಯಲ್ಲಿ ಕೂತು, ಅವಳು ಬಡಿಸಿದ ಕುರಿಮಾಂಸದ ಸಾರು ಉಣ್ಣುತ್ತ, ಇಷ್ಟು ಜನರಲ್ಲಿ ನೆಟ್ಟಗೆ ಮಾತಾಡುವವಳು ಹಾಲ್ಡನ್ ಒಬ್ಬಳೇ ಎಂದು ವಾರಗಟ್ಟಲೆ ವಾದಿಸಿದ್ದ. ಮೈತೆ ದನಕುರಿಗಳ ಡಾಕ್ಟರು. ರಾಜಕೀಯ ಅಂದರೆ ಚಾನೆಲ್ ಬದಲಿಸುತ್ತಿದ್ದವಳು, ಈ ಸಲ ಶನಿವಾರ ಮಧ್ಯಾಹ್ನದ ಕೆಲಸ ಬಿಟ್ಟು, ತನ್ನ ಪಿಕಪ್‌ನಲ್ಲಿ ಅವನನ್ನೂ ಕೂರಿಸಿಕೊಂಡು ಬಂದಿದ್ದಳು.

ಎದುರು ಗೋಡೆಯ ಕಡೆ ಗವರ್ನರ್ ಪ್ರೆಸ್ಕಾಟ್‌ನ ಫಲಕದ ಕೆಳಗೆ ಜನ ಒತ್ತೊತ್ತಾಗಿ ನಿಂತಿದ್ದರು. ಹಿಂದಿನ ವಾರ, ಮೊದಲೇ ಮತ ಹಾಕಿದ್ದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಫಲಿತಾಂಶ ಬಂದಿತ್ತು. ಪ್ರೆಸ್ಕಾಟ್ ಮೊದಲು, ಹಾಲ್ಡನ್ ನಾಲ್ಕನೆಯವಳು. ಅದನ್ನು ಊರಿಗೆ ಓದಿ ಹೇಳಿದ್ದವನೂ ಲೈಲ್‌ನೇ. ಆ ಗುಂಪಿನ ಮುಂದಾಳು, ಶಾಲೆಯ ಹೆಡ್‌ಮಾಸ್ಟರ್ ಡ್ವೈಟ್, ಅವನನ್ನು ನೋಡಿ ಗಟ್ಟಿಯಾಗಿ ಕರೆದ. “ಬಾರಯ್ಯ ಲೈಲ್. ಊರಿಗೆಲ್ಲ ಬುದ್ಧಿ ಹೇಳೋನು, ಸೋಲೋ ಕುದುರೆ ಬಾಲ ಹಿಡೀತೀಯಾ?”

ನಾಲ್ಕಾರು ಜನ ನಕ್ಕರು. ಲೈಲ್ ಕೂಡ ನಕ್ಕ. ಒಂದು ನಿಮಿಷ, ಬಂದೆ ಅನ್ನುವ ಹಾಗೆ ಮೈತೆಗೆ ಬೆರಳು ತೋರಿಸಿ ಡ್ವೈಟ್‌ನ ಕಡೆ ನಡೆದ. ಅವಳು ತಲೆಯಾಡಿಸಿದಳು. ಎಣಿಸುವವರು ಬಂದು ಒಬ್ಬೊಬ್ಬರನ್ನೇ ಎಣಿಸುತ್ತ ಹೋದರು. ಲೈಲ್‌ನ ಭುಜ ಮುಟ್ಟಿ ಪ್ರೆಸ್ಕಾಟ್‌ನ ಲೆಕ್ಕಕ್ಕೆ ಸೇರಿಸಿದರು. ಅವನು ಡ್ವೈಟ್‌ನ ಪಕ್ಕದಲ್ಲೇ ನಿಂತ. ಆ ಮೂಲೆಯಲ್ಲಿ ಮೈತೆ ಇನ್ನೂ ಪಕ್ಕಕ್ಕೆ ಸರಿದೇ ನಿಂತಿದ್ದಳು.

ಒಬ್ಬಳೇ ಇದ್ದರೆ ಗುಂಪಲ್ಲ, ಎರಡನೇ ಸುತ್ತಿಗೆ ಬೇರೆಯವರ ಜೊತೆ ಸೇರಬಹುದು ಎಂದು ಅವಳಿಗೆ ತಿಳಿಸಿದರು. ಅವಳನ್ನು ಒಲಿಸಲು ಡ್ವೈಟ್ ಹೊರಟ. ಪಕ್ಕದ ಮನೆಯವನಲ್ಲವೇ ಎಂದು ಲೈಲ್‌ನನ್ನೂ ಎಳೆದುಕೊಂಡು ಹೋದ.

“ಡಾಕ್ಟ್ರೇ, ನಿಮಗೆ ಈ ಹಾಲ್ಡನ್ ಹುಚ್ಚು ಹಿಡಿಸಿದೋರು ಯಾರು?”

ಲೈಲ್ ನೆಲ ನೋಡಿದ. ಮೈತೆ ಅವನ ಕಡೆ ತಿರುಗಲೂ ಇಲ್ಲ. “ಯಾರೂ ಇಲ್ಲ,” ಅಂದಳು. “ನನಗೇ ಅನ್ನಿಸ್ತು.” ಆಮೇಲೆ, ತನ್ನ ಕೆಲಸ ಮುಗಿಯಿತೆಂದು ಹೇಳಿ ಕೋಟು ಹಾಕಿಕೊಂಡಳು.

ವಾಪಸು ಬರುವಾಗ ಅವಳು ಕಣಿವೆಯ ಕಡೆ ಈಯಲಿರುವ ಹಸುಗಳ ಮಾತಾಡಿದಳು, ಹಿಮದ ಮಾತಾಡಿದಳು, ಶಾಲೆಯಲ್ಲಿ ನಡೆದದ್ದರ ಮಾತು ಮಾತ್ರ ಎತ್ತಲಿಲ್ಲ. ತಡೆಯಲಾರದೆ ಲೈಲ್‌ನೇ ಶುರುಮಾಡಿದ: ನಾಲ್ಕನೇ ಸ್ಥಾನ, ದಂಡವಾಗುವ ಓಟು, ಮುಂದಿನ ರಾಜ್ಯಗಳ ಲೆಕ್ಕ. ಅವನ ಮನೆ ಬರುವ ತನಕ ಅವಳು ಕೇಳಿದಳು. ಗಾಡಿ ನಿಲ್ಲಿಸಿ, “ರೇಡಿಯೋದಲ್ಲಿ ನೀನು ಹೇಳ್ತಿದ್ದದ್ದು ಸುಳ್ಳಾ?” ಅಂದಳು.

“ಸುಳ್ಳಲ್ಲ.”

“ಹಾಗಾದ್ರೆ ನಾನು ಹೋಗಿ ನಿಂತಿದ್ದಕ್ಕೆ ನನಗೆ ಬೇಜಾರಿಲ್ಲ, ಬಿಡು.”

ಸೋಮವಾರ ಬೆಳಿಗ್ಗೆ ಲೈಲ್ ಮೈಕಿನ ಮುಂದೆ ಕೂತು ರಾಜ್ಯದ ಫಲಿತಾಂಶ ಓದಿದ. ಪ್ರೆಸ್ಕಾಟ್ ಹೇಗೆ ಗೆದ್ದನೆಂದು ಎಂದಿನಂತೆ ಬಿಡಿಸಿ ಹೇಳಿದ. ಆಮೇಲೆ ತಮ್ಮೂರಿನ ಮೊದಲ ಸುತ್ತಿಗೆ ಬಂದ. “ಹಾಲ್ಡನ್, ಒಂದು,” ಎಂದ. ಪ್ರತಿಯೊಂದು ಅಂಕಿಗೂ ಒಂದು ಮಾತು ಕೂಡಿಸುವುದು ಅವನ ರೂಢಿ. ಸ್ಟುಡಿಯೋದ ಗಾಜಿನಾಚೆ ಕೂತ ಹುಡುಗಿ, ಮೈಕು ಚಾಲೂ ಇದೆ, ಮಾತಾಡಿ ಎಂದು ಕೈಸನ್ನೆ ಮಾಡುತ್ತಿದ್ದಳು. ಊರಿನ ಅಡುಗೆಮನೆಗಳಲ್ಲಿ, ಗಣಿಗೆ ಹೊರಟ ಲಾರಿಗಳಲ್ಲಿ, ಬಹಳ ಹೊತ್ತು ಬರೀ ಅವನ ಉಸಿರು ಕೇಳಿಸಿತು.